ಡೀಸೆಲ್ ಕಾರಿಗೆ ಹುಯ್ದ ಪೆಟ್ರೋಲು

ಆ ದಿನ ಕಾರಿಗೆ ಡೀಸೆಲ್ ಬದಲು ಪೆಟ್ರೋಲು ಬಿದ್ದದ್ದು ನಿನ್ನ ಅಣ್ಣನ ಮರೆವಿನಿಂದಲ್ಲ, ಸುಶೀಲ. ಹುಯ್ದವಳು ನಾನು. ಗೊತ್ತಿಲ್ಲದೆ ಹುಯ್ದದ್ದೂ ಅಲ್ಲ — ಗೊತ್ತಿದ್ದೇ ಹುಯ್ದೆ.

ನಿನ್ನ ಅಣ್ಣ ಹೋಗಿ ಮೊನ್ನೆಗೆ ಒಂದು ವರ್ಷ ತುಂಬಿತು. ಕೊನೆಯವರೆಗೂ ಅವರು ಆ ತಪ್ಪು ತಮ್ಮದೇ ಎಂದುಕೊಂಡಿದ್ದರು. ನಾನು ಪಕ್ಕದಲ್ಲೇ ಇದ್ದೆ. ಹಾಗೆಂದುಕೊಳ್ಳಲು ಬಿಟ್ಟೆ.

ಮುರುಗಮಲ್ಲದ ಹತ್ತಿರದ ಹಳ್ಳಿಯಿಂದ ನಾನು ಚಿಂತಾಮಣಿಯ ನಿಮ್ಮ ಮನೆಗೆ ಸೊಸೆಯಾಗಿ ಬಂದಾಗ ನೀನಿನ್ನೂ ಹೈಸ್ಕೂಲಿಗೆ ಹೋಗುತ್ತಿದ್ದೆ. ಮಾವ ಆಗಲೇ ಇರಲಿಲ್ಲ. ಅತ್ತೆಗೆ ಮಾತು ಕಡಿಮೆ. ನಿನ್ನ ಅಣ್ಣನಿಗೆ ಗೊಬ್ಬರದ ಅಂಗಡಿ, ಊರಾಚೆಯ ತೋಟ, ಇವೆರಡರಲ್ಲೇ ದಿನ ಮುಗಿಯುತ್ತಿತ್ತು. ನನಗೆ ಮಕ್ಕಳಾಗಲಿಲ್ಲ. ಮನೆಗೆ ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು, ಕೇಳದವಳು ನೀನೊಬ್ಬಳು. ಸ್ಕೂಲಿನಿಂದ ಬಂದವಳೇ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಆ ದಿನದ ಸುದ್ದಿಯನ್ನೆಲ್ಲ ನನಗೆ ಹೇಳುತ್ತಿದ್ದೆ. ಆಮೇಲೆ ಕಾಲೇಜಿನ ಸುದ್ದಿ, ಅದಾದ ಮೇಲೆ ಕೆಲಸದ ಸುದ್ದಿ. ಆ ಮನೆಯಲ್ಲಿ ನನ್ನ ಕಿವಿಗೆ ಬಿದ್ದ ಮಾತೆಂದರೆ ಹೆಚ್ಚುಕಡಿಮೆ ನಿನ್ನದೇ.

ಕಾರು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಬಿಳಿ ಬಣ್ಣದ ಪುಟ್ಟ ಕಾರು, ಹಿಂದೆ ಡಿಕ್ಕಿಯ ಬದಲು ಮೇಲಕ್ಕೆ ಎತ್ತುವ ಬಾಗಿಲು. ನೆನಪಿದೆಯಾ? ಇದಕ್ಕೆ ಹಿಂಭಾಗ ಮಾಡೋದೇ ಮರೆತಿದ್ದಾರೆ ಎಂದು ಬೀದಿಯವರು ನಕ್ಕಿದ್ದರು. ಅಷ್ಟು ಚಿಕ್ಕ ಕಾರು ಡೀಸೆಲ್‌ನಲ್ಲಿ ಓಡುತ್ತದೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಸ್ಟಾರ್ಟ್ ಮಾಡಿದರೆ ತೋಟದ ಇಂಜಿನ್ನಿನ ಸದ್ದು. ಬೆಳಿಗ್ಗೆ ಬೀಗದ ಕೈ ಅರ್ಧ ತಿರುಗಿಸಿ, ಇಂಜಿನ್ನು ಒಳಗೆ ಬಿಸಿಯಾಗಿ ಮುಂದಿನ ಹಳದಿ ದೀಪ ಆರುವವರೆಗೆ ಕಾಯಬೇಕಿತ್ತು. ಅಷ್ಟು ಹೊತ್ತೂ ಒಳಗಿದ್ದವರು ಯಾರೂ ಮಾತಾಡಬಾರದೆಂದು ನೀನು ಕಾನೂನು ಮಾಡಿದ್ದೆ — ಅತ್ತೆ ಕೂಡ ಬಾಯಿಗೆ ಸೆರಗು ಹಿಡಿದು ಕೂತಿರುತ್ತಿದ್ದರು. ಶನಿವಾರ ಸೀಟು ಮಡಿಸಿ ಟೊಮೆಟೊ ಬಾಕ್ಸು ತುಂಬುತ್ತಿದ್ದ ಕಾರಿಗೇ ಭಾನುವಾರ ನೀರು ಹಾಕಿ ತೊಳೆದು, ನಾವೆಲ್ಲ ಒತ್ತಿಕೊಂಡು ಕೂತು ಕೈವಾರಕ್ಕೆ ಹೋಗುತ್ತಿದ್ದೆವು. ಎಷ್ಟು ತೊಳೆದರೂ ಟೊಮೆಟೊ ವಾಸನೆ ಹೋಗುತ್ತಿರಲಿಲ್ಲ. ಪೆಟ್ರೋಲು ಕಾರಾಗಿದ್ದರೆ ನಮ್ಮಂಥವರಿಗೆ ಇಷ್ಟು ತಿರುಗಾಟ ಎಲ್ಲಿ ಬಂತು ಎಂದು ನಿನ್ನ ಅಣ್ಣ ಪ್ರತಿ ಸಲವೂ ಹೇಳುತ್ತಿದ್ದರು.

ಕಾಲೇಜು ಮೈದಾನದಲ್ಲಿ ನಿನಗೆ ಕಾರು ಕಲಿಸಿದವರೂ ಅವರೇ. ಹೆಣ್ಣುಮಗಳಿಗೆ ಯಾಕೆ ಎಂದು ಕೇಳಿದವರಿಗೆಲ್ಲ, ನನ್ನ ತಂಗಿ ನನಗಿಂತ ಚೆನ್ನಾಗಿ ಓಡಿಸ್ತಾಳೆ ಎನ್ನುತ್ತಿದ್ದರು. ನಾವಿಬ್ಬರೇ ಕೈವಾರಕ್ಕೆ ಹೋದ ಆ ಮೊದಲ ದಿನ... ಕಿಟಕಿ ಪೂರ್ತಿ ಇಳಿಸಿದ್ದೆವು. ಖಾಲಿ ರಸ್ತೆಯಲ್ಲಿ ನೀನು ನನ್ನ ಕೈ ಎಳೆದು ಸ್ಟೇರಿಂಗಿನ ಮೇಲೆ ಇಟ್ಟೆ. ಹೆದರಿಕೆಗೆ ನನಗೆ ಅಳು ಬಂತು, ಆಮೇಲೆ ನಗು ಬಂತು. ಅಷ್ಟು ಸಂತೋಷ ನನಗೆ ಅದಕ್ಕೆ ಮೊದಲೂ ಇರಲಿಲ್ಲ, ನಂತರವೂ ಇಲ್ಲ.

ಚಿಕ್ಕಬಳ್ಳಾಪುರದ ನಿನ್ನ ಆಫೀಸಿನ ನಾಗರಾಜನ ವಿಷಯ ನೀನು ಮೊದಲು ಹೇಳಿದ್ದು ನನಗೆ. ಅಣ್ಣನ ಕಿವಿಗೆ ಹಾಕಿ ಎಂದು ಬೇಡಿಕೊಂಡದ್ದೂ ನನ್ನನ್ನೇ. ಹಾಕಿದೆ. ಅವರು ಒಪ್ಪಿದರು. ಅತ್ತೆಗೆ ಅರೆಮನಸ್ಸು, ಜಾತಿಯೇನೋ ಒಂದೇ, ಆದರೆ ಮಕ್ಕಳು ತಾವೇ ನೋಡಿಕೊಂಡ ಸಂಬಂಧ ಅವರಿಗೆ ಹಿಡಿಸಲಿಲ್ಲ. ಕೊನೆಗೆ, ಗೌರಿಬಿದನೂರಿಗೆ ಹೋಗಿ ಹುಡುಗನ ಮನೆ ನೋಡಿಕೊಂಡು ಬರೋಣ ಎಂದರು. ದಿನ ಗೊತ್ತಾಯಿತು. ಆ ವಾರವೆಲ್ಲ ನೀನು ನನ್ನ ಹತ್ತಿರ ಗೌರಿಬಿದನೂರಿನ ಮಾತನ್ನೇ ಆಡಿದೆ — ಅಲ್ಲಿ ಯಾವ ಬೀದಿಯಲ್ಲಿ ಮನೆ, ಅವನ ತಾಯಿ ಹೇಗೆ... ನಾನು ಹೂಂಗುಟ್ಟುತ್ತಿದ್ದೆ. ಇವಳು ಹೋದ ಮೇಲೆ ಹೊಸ್ತಿಲ ಮೇಲೆ ಯಾರು ಕೂತಿರುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿ ಓಡುತ್ತಿತ್ತು.

ಅವತ್ತು ಬೆಳಿಗ್ಗೆ ನಿನ್ನ ಅಣ್ಣ ಸ್ನಾನಕ್ಕೆ ಹೋಗುತ್ತಾ, ಕಾರಿನಲ್ಲಿ ಡೀಸೆಲ್ ಕಡಿಮೆ ಇದೆ, ಹಿತ್ತಲ ಬಾಗಿಲಲ್ಲಿ ಇಟ್ಟಿರೋ ಕ್ಯಾನಿನದನ್ನ ಹಾಕಿಬಿಡು ಎಂದರು. ತೋಟದ ಇಂಜಿನ್ನಿಗೆಂದು ಮನೆಯಲ್ಲಿ ಯಾವಾಗಲೂ ಒಂದು ಕ್ಯಾನು ಡೀಸೆಲ್ ಇರುತ್ತಿತ್ತು. ಅವರ ಸ್ಕೂಟರಿನ ಪೆಟ್ರೋಲು ಅಂಥದೇ ಇನ್ನೊಂದು ಕ್ಯಾನಿನಲ್ಲಿ, ಮೆಟ್ಟಿಲ ಕೆಳಗೆ. ನಾನು ಹಿತ್ತಲ ಬಾಗಿಲವರೆಗೆ ಹೋದೆ. ಡೀಸೆಲ್ ಕ್ಯಾನು ಅಲ್ಲೇ ಇತ್ತು. ಅದನ್ನು ಎತ್ತಿ ಒಳಗೆ ತಂದು ಮೆಟ್ಟಿಲ ಕೆಳಗೆ ಇಟ್ಟೆ. ಅಲ್ಲಿದ್ದ ಪೆಟ್ರೋಲು ಕ್ಯಾನನ್ನು ತೆಗೆದುಕೊಂಡು ಹೋಗಿ ಆಲಿಕೆ ಇಟ್ಟು ಹುಯ್ದೆ. ಮುಚ್ಚಳ ತೆಗೆದಾಗಲೇ ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆದಿತ್ತು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕಾರು ಕೆಟ್ಟು ಇವತ್ತಿನ ಪ್ರಯಾಣ ತಪ್ಪಲಿ, ಒಂದೆರಡು ವಾರ ಮುಂದೆ ಹೋಗಲಿ — ಅಷ್ಟೇ ಅಂದುಕೊಂಡಿದ್ದೆ. ಅಷ್ಟೇ ಅಂದುಕೊಂಡಿದ್ದೆನೋ, ಅಥವಾ...

ನಿನ್ನನ್ನು ಮನೆಯಲ್ಲಿ ಬಿಟ್ಟು ನಾವು ಮೂವರು ಹೊರಟೆವು. ಹಳೆಯ ಡೀಸೆಲ್ ಇದ್ದುದಕ್ಕೋ ಏನೋ, ಕಾರು ಶಿಡ್ಲಘಟ್ಟದವರೆಗೂ ಹೋಯಿತು. ಊರು ದಾಟಿ ಸ್ವಲ್ಪ ದೂರಕ್ಕೆ ಇಂಜಿನ್ನು ಕಟಕಟ ಎಂದು ಬಡಿದುಕೊಳ್ಳತೊಡಗಿತು. ಆಮೇಲೆ ಹಿಪ್ಪುನೇರಳೆ ತೋಟಗಳ ನಡುವೆ ನಿಂತೇಹೋಯಿತು. ನಿನ್ನ ಅಣ್ಣ ಬಿಸಿಲಲ್ಲಿ ಬಾನೆಟ್ ಎತ್ತಿಕೊಂಡು ಒದ್ದಾಡಿದರು. ಹಣ್ಣು, ತೆಂಗಿನಕಾಯಿ, ಹೂವಿದ್ದ ಬುಟ್ಟಿ ಅತ್ತೆಯ ತೊಡೆಯ ಮೇಲಿತ್ತು. ಭಯವಾದರೆ ಅವರ ಬಾಯಲ್ಲಿ ತೆಲುಗು ಬರುತ್ತಿತ್ತಲ್ಲ.

“ವದ್ದು ನಾಯ್ನಾ,” ಎಂದರು. “ಬ್ಯಾಡ ಕಣಪ್ಪ, ಈ ಸಂಬಂಧ ಬ್ಯಾಡ. ದೇವ್ರೇ ದಾರೀಲಿ ತಡೆದವ್ನೆ.”

ಆಗ ಹೇಳಬೇಕಿತ್ತು. ತಡೆದದ್ದು ದೇವರಲ್ಲ ಎಂದು. ನಾನು ಹೊಲದ ಕಡೆ ನೋಡುತ್ತಾ ಕೂತೆ.

ಶಿಡ್ಲಘಟ್ಟದಿಂದ ಕರೆತಂದ ಮೆಕ್ಯಾನಿಕ್ ಸಾಬರು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ, ಪೆಟ್ರೋಲು ಹಾಕಿದ್ದೀರಲ್ಲ ಸ್ವಾಮಿ ಎಂದರು. ನಿನ್ನ ಅಣ್ಣ ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ, ಗಾಬರಿಯಿಂದ.

“ಯಾವ ಕ್ಯಾನು ಹಾಕ್ದೆ ಜಯ?”

“ನೀವು ಬಾಗಿಲಲ್ಲಿ ಇಟ್ಟಿದ್ದುದನ್ನೇ.”

ಅವರು ಬಗ್ಗಿ ಟ್ಯಾಂಕಿನ ಬಾಯನ್ನು ತಾವೇ ಮೂಸಿದರು. ಆಮೇಲೆ ತಲೆ ಚಚ್ಚಿಕೊಂಡು, ಹಾಗಾದ್ರೆ ನಾನೇ ತಪ್ಪಿ ಇಟ್ಟೆ ಕಣೇ, ಎಂದರು.

ಗೌರಿಬಿದನೂರಿನಲ್ಲಿ ಅಡಿಗೆ ಮಾಡಿಕೊಂಡು, ನೆಂಟರನ್ನು ಕರೆದುಕೊಂಡು ಕಾದಿದ್ದವರಿಗೆ ಸಂಜೆಯವರೆಗೂ ಸುದ್ದಿ ಮುಟ್ಟಲಿಲ್ಲ. ಅವರಿಗೂ ಅವಮಾನವಾಯಿತು. ನಿನ್ನ ಅಣ್ಣ ಮಾರನೆಯ ದಿನ ಬಸ್ಸಿನಲ್ಲಿ ಹೋಗಿ ಕೈಮುಗಿದು ಬಂದರು. ಆದರೆ ಅತ್ತೆ ಕದಲಲಿಲ್ಲ. ಇಷ್ಟು ವರ್ಷ ಇಲ್ಲದ ಮರೆವು ನನ್ನ ಮಗನಿಗೆ ಅವತ್ತೇ ಯಾಕೆ ಬರಬೇಕು ಎಂದು ಕೇಳಿದರು. ಅದಕ್ಕೆ ಉತ್ತರ ಗೊತ್ತಿದ್ದವಳು ಅಡಿಗೆಮನೆಯಲ್ಲಿ ರಾಗಿಮುದ್ದೆ ತೊಳಸುತ್ತಿದ್ದಳು. ನಾಗರಾಜ ಮನೆಯವರ ಮಾತು ಮೀರಲಿಲ್ಲ. ಕೆಲವು ತಿಂಗಳಿಗೆ ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದ.

ನೀನು ಅಳಲಿಲ್ಲ. ನಿನ್ನ ಅಣ್ಣ ಬಂದು, ನನ್ನಿಂದ ಆಯ್ತಮ್ಮ, ಎಂದಾಗ ನೀನು ಅವರ ಮುಖವನ್ನೇ ನೋಡಲಿಲ್ಲ. ಕಾರಿನ ಬೀಗದ ಕೈ ಮೇಜಿನ ಮೇಲಿಟ್ಟು ಒಳಗೆ ಹೋದೆ. ಮತ್ತೆ ಆ ಕಾರನ್ನು ಮುಟ್ಟಲಿಲ್ಲ. ಹೊಸ್ತಿಲ ಮೇಲೂ ಕೂರಲಿಲ್ಲ. ಯಾರನ್ನು ಉಳಿಸಿಕೊಳ್ಳಲು ಆ ಕೆಲಸ ಮಾಡಿದೆನೋ, ಅವಳು ಅದೇ ಮನೆಯಲ್ಲಿದ್ದೂ ನನಗೆ ಸಿಗಲಿಲ್ಲ. ನಿನ್ನ ಅಣ್ಣ ವರ್ಷದೊಳಗೆ ಕಾರು ಮಾರಿದರು.

ಆಮೇಲೆ ಮದನಪಲ್ಲಿಗೆ ನಿನ್ನ ಮದುವೆಯಾಯಿತು. ನಿನ್ನ ಗಂಡ ಒಳ್ಳೆಯವರು, ಮಕ್ಕಳು ಒಳ್ಳೆಯವರು. ನಿನ್ನ ಬಾಳು ಹಾಳಾಯಿತು ಎಂದು ನಾನು ಹೇಳಲಾರೆ — ಹಾಳಾಗಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುವ ಹಕ್ಕೂ ನನಗಿಲ್ಲ. ಆರಿಸಿಕೊಂಡವಳು ನೀನು, ಅದನ್ನು ಕಿತ್ತುಕೊಂಡವಳು ನಾನು. ನಿನ್ನ ಅಣ್ಣನ ಜೊತೆ ನೀನು ಮೊದಲಿನಂತೆ ನಗುತ್ತಾ ಮಾತಾಡಿದ್ದನ್ನು ಮತ್ತೆ ನಾನು ನೋಡಲಿಲ್ಲ. ಆಸ್ಪತ್ರೆಯಲ್ಲಿ ನೀನು ಬಂದು ಹೋದ ಮೇಲೆ ಅವರು, ಸುಶೀಲಂಗೆ ಇನ್ನೂ ಮನಸ್ಸಲ್ಲಿದೆ ಅಲ್ವಾ, ಎಂದು ಕೇಳಿದರು. ಆಗಲೂ ನಾನು ನಿಜ ಹೇಳಲಿಲ್ಲ. ಅವರ ಕಾಲು ಒತ್ತುತ್ತಾ ಕೂತೆ. ಇವೆರಡರಲ್ಲಿ ದೊಡ್ಡ ತಪ್ಪು ಯಾವುದು — ಹುಯ್ದದ್ದೋ, ಆಗ ಸುಮ್ಮನಿದ್ದದ್ದೋ — ನನಗೆ ಈಗಲೂ ತಿಳಿಯದು.

ಭಾನುವಾರ ಬರುತ್ತೇನೆಂದು ನಾನು ಫೋನಿನಲ್ಲಿ ಹೇಳಿದಾಗ, ಏನು ವಿಶೇಷ ಅತ್ಗೆ, ಎಂದು ನೀನು ಕೇಳಿದೆ. ನಿನ್ನನ್ನ ನೋಡಿ ಬಹಳ ದಿನ ಆಯ್ತಲ್ಲ ಎಂದೆ. ನೋಡುವುದಕ್ಕಲ್ಲ. ಈ ಕಾಗದ ಕಳಿಸುವುದಿಲ್ಲ, ನಿನ್ನೆದುರು ಕೂತು ಇಲ್ಲಿ ಬರೆದುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿಸಿಕೊಂಡು ನೀನು ಎದ್ದು ಒಳಗೆ ಹೋದರೆ ಹಿಂದೆ ಬರುವುದೂ ಇಲ್ಲ. ನಿನ್ನ ಅಣ್ಣ ಏನೂ ಮಾಡಿರಲಿಲ್ಲ ಎಂಬುದು ನಿನಗೆ ಗೊತ್ತಾದರೆ ಸಾಕು.