ಸೂರ್ಯಕಾಂತನ ಬಚ್ಚಲ ಗೋಡೆ

ಕಲಬುರಗಿಯ ಬ್ರಹ್ಮಪುರದ ಸೂರ್ಯಕಾಂತ ಯಾರ ಕೆಲಸವನ್ನೂ ಮೆಚ್ಚಿದವನಲ್ಲ. ಕ್ಷೌರಿಕನ ಕೈ ಸರಿಯಿಲ್ಲವೆಂದು ತನ್ನ ಕೂದಲನ್ನು ತಾನೇ ಕತ್ತರಿಸಿಕೊಂಡು, ಆಮೇಲೆ ವಾರಗಟ್ಟಲೆ ಟೋಪಿ ಹಾಕಿಕೊಂಡು ತಿರುಗುತ್ತಿದ್ದ. ಮಿಕ್ಸರ್ ಕೆಟ್ಟಾಗ ಮೆಕ್ಯಾನಿಕ್ ದಂಡವೆಂದು ತಾನೇ ಬಿಚ್ಚಿದ. ಅಂದಿನಿಂದ ಹೆಂಡತಿ ಬಂಡೆಮ್ಮ ಚಟ್ನಿಯನ್ನು ಕಲ್ಲಿನಲ್ಲೇ ಅರೆಯುತ್ತಿದ್ದಾಳೆ. ಗುಮಾಸ್ತಿಕೆಯಿಂದ ನಿವೃತ್ತನಾದ ಮೇಲಂತೂ ಇಷ್ಟೊಂದು ಪ್ರತಿಭೆಯನ್ನು ಎಲ್ಲಿಡಬೇಕೆಂದು ಅವನಿಗೇ ತಿಳಿಯದಾಯಿತು.

ಆಗ ಕಮಲಾಪುರದಿಂದ ಅಕ್ಕ ಶೇವಂತಾ ಫೋನ್ ಮಾಡಿದಳು. ಬಸ್ ನಿಲ್ದಾಣದ ಹತ್ತಿರ ಕೆಂಪು ಬಾಳೆಹಣ್ಣು ಮಾರುವ ಹೆಂಗಸು. ಹಿತ್ತಲ ಬಚ್ಚಲಿಗೆ ಮರೆಯಾಗಿದ್ದ ತಗಡು ಗಾಳಿಗೆ ಹಾರಿಹೋಗಿತ್ತು. ಗೋಡೆ ಕಟ್ಟುವ ಗೌಂಡಿಯನ್ನು ಕರೆಸುತ್ತೇನೆ, ಒಂದು ದಿನ ಬಂದು ನಿಂತು ನೋಡಿಕೋ ಎಂದಷ್ಟೇ ಅವಳು ಕೇಳಿದ್ದು.

"ಗೌಂಡಿ ಯಾಕಬೇ? ನಾ ಏನ್ ಸತ್ತೀನೇನು?" ಎಂದ ಸೂರ್ಯಕಾಂತ.

ಕೆಲವು ದಿನ ಫೋನಿನಲ್ಲಿ ಗೋಡೆ ಕಟ್ಟುವ ವಿಡಿಯೋ ನೋಡಿ, ಒಂದು ರವಿವಾರ ಸಿಮೆಂಟು ಮೆತ್ತುವ ಹೊಸ ಕರಣಿಯನ್ನು ನಾಲ್ಕು ಜನರಿಗೆ ಕಾಣುವಂತೆ ಹಿಡಿದುಕೊಂಡು ಬಸ್ಸಿನಲ್ಲಿ ಹೊರಟ. ಇಟ್ಟಂಗಿ, ಉಸುಕು, ಸಿಮೆಂಟು ಹಿತ್ತಲಲ್ಲಿ ಬಂದು ಬಿದ್ದಿದ್ದವು. ಅಕ್ಕನನ್ನೂ ಪಕ್ಕದ ಮನೆಯ ಇಮಾಮಬಿಯನ್ನೂ ಕಟ್ಟೆಯ ಮೇಲೆ ಕೂರಿಸಿ ಮೊದಲು ಉಪನ್ಯಾಸ ಮಾಡಿದ. ಒಂದು ಪಾಲು ಸಿಮೆಂಟಿಗೆ ಐದು ಪಾಲು ಉಸುಕು. ನೀರು ಸೋಕಿಸದೆ, ಒಂದೇ ಬಣ್ಣ ಬರುವವರೆಗೆ ಕಲಸಬೇಕು. ನಡುವೆ ಗುಂಡಿ ಮಾಡಿ ನೀರು ಸ್ವಲ್ಪಸ್ವಲ್ಪವೇ ಹಾಕಬೇಕು. ಹೀಗೆ ಕಲಸಿದ ಮಾಲನ್ನು ಬೇಗ ಬಳಸಿ ಮುಗಿಸುವಷ್ಟೇ ಮಾಡಬೇಕು. ಇಟ್ಟಂಗಿ ನೆನೆಸಿರಬೇಕು. ಒಂದು ಮಾತೂ ತಪ್ಪಿರಲಿಲ್ಲ. ಹೆಂಗಸರಿಬ್ಬರೂ ಬಾಯಿಬಿಟ್ಟು ಕೇಳಿದರು.

ಆಮೇಲೆ ಅವನು ಇಡೀ ಚೀಲವನ್ನೇ ಸುರಿದ. ಪೈಪು ಬಿಟ್ಟ. ಸಿಮೆಂಟಿನ ಹಾಲು ಮೋರಿಯ ಕಡೆಗೆ ಹರಿಯಿತು. ಮಾಲು ಅಂಬಲಿಯಾಯಿತೆಂದು ಉಸುಕು ಹಾಕಿದ, ಗಟ್ಟಿಯಾಯಿತೆಂದು ನೀರು ಹಾಕಿದ. ಗುಡ್ಡ ಬೆಳೆಯಿತು. ಬೆವರು ಒರೆಸಿಕೊಳ್ಳಲು ಒಳಗೆ ಹೋದವನು ಊಟ ಮಾಡಿ, ಚಹಾ ಕುಡಿದು, ಗೌಂಡಿಗಳ ಸೋಮಾರಿತನದ ಬಗ್ಗೆ ಎರಡು ಮಾತಾಡಿ ಹೊರಬರುವಷ್ಟರಲ್ಲಿ ಕಮಲಾಪುರದ ಬಿಸಿಲು ತನ್ನ ಕೆಲಸ ಮುಗಿಸಿತ್ತು. ಸಲಿಕೆ ಗುಡ್ಡದಲ್ಲೇ ನಾಟಿಕೊಂಡಿತ್ತು. ಎಳೆದಾಗ ಹಿಡಿ ಮಾತ್ರ ಕೈಗೆ ಬಂತು. ಮರುದಿನದಿಂದ ಶೇವಂತಾ ಆ ಗುಡ್ಡದ ಮೇಲೆ ಬಟ್ಟೆ ಒಗೆಯತೊಡಗಿದಳು. ತಮ್ಮ ಏನೋ ಒಂದು ಕಟ್ಟಿಕೊಟ್ಟನಲ್ಲ!

ಮುಂದಿನ ರವಿವಾರ ಹೊಸ ಸಿಮೆಂಟು ತರಿಸಿದ ಮೇಲೆ ಗೋಡೆ ಸೊಂಟದವರೆಗೆ ಎದ್ದಿತು. ಒಣ ಇಟ್ಟಂಗಿ ಮಾಲಿನ ನೀರನ್ನೆಲ್ಲ ಕುಡಿದಿತ್ತು. ಶೇವಂತಾ ಅದರ ಮೇಲೆ ಒಂದು ಒದ್ದೆ ಸೀರೆ ಹರವಿದಳು. ಗೋಡೆ ಸೀರೆಯ ಸಮೇತ ಮಲಗಿತು. ಇಟ್ಟಂಗಿ ಭಟ್ಟಿಯವನು ಕಳ್ಳ, ಉಸುಕಿನಲ್ಲಿ ಮಣ್ಣು, ಸೀರೆ ಭಾರ ಎಂದು ಸೂರ್ಯಕಾಂತ ಕಾರಣ ಕೊಟ್ಟ. ಆದರೆ ಬಸ್ಸಿನಲ್ಲಿ ಕರಣಿಯನ್ನು ಚೀಲದೊಳಗೆ ಇಟ್ಟುಕೊಂಡ. ಮನೆಯಲ್ಲಿ ಊಟವೂ ಸೇರಲಿಲ್ಲ. ಬಂಡೆಮ್ಮ ಕಲ್ಲಿನಲ್ಲಿ ಚಟ್ನಿ ಅರೆಯುತ್ತಲೇ ಇದ್ದಳು. ಅದೇ ಅವನಿಗೆ ಹೆಚ್ಚು ಚುಚ್ಚಿತು. ಮರುದಿನವೇ ಸೊಂಟನೋವು ಶುರುವಾಗಿ, ಆಮೇಲಿನ ಉಪನ್ಯಾಸಗಳೆಲ್ಲ ಫೋನಿನಲ್ಲೇ ನಡೆದವು.

ಇತ್ತ ಶೇವಂತಾ ದಿನಾ ಬಕೆಟ್ಟು ಹಿಡಿದು ಇಮಾಮಬಿಯ ಬಚ್ಚಲಿಗೆ ಹೋಗುತ್ತಿದ್ದಳು. ಒಂದು ಸಂಜೆ ಇಬ್ಬರೂ ಸೀರೆ ಎತ್ತಿಕಟ್ಟಿದರು. ಇಟ್ಟಂಗಿ ನೆನೆಹಾಕಿ, ಮುರುಕು ಬುಟ್ಟಿಯಲ್ಲಿ ಅಳೆದು, ಅವನು ಹೇಳಿದ ಒಂದೊಂದು ಮಾತನ್ನೂ ನೆನೆದು ಸ್ವಲ್ಪಸ್ವಲ್ಪವೇ ಮಾಲು ಮಾಡಿದರು. ವ್ಯಾಪಾರ ಮುಗಿದ ಮೇಲೆ ದಿನಾ ಇಟ್ಟಂಗಿಯ ಎರಡು ವರಸೆ ಏರಿಸಿ, ನೀರುಣಿಸಿದರು.

ಸೊಂಟ ನೆಟ್ಟಗಾಗಿ ಸೂರ್ಯಕಾಂತ ಬಂದಾಗ ಗೋಡೆ ತಲೆಯ ಮಟ್ಟ ದಾಟಿ ನಿಂತಿತ್ತು. ಅವನು ಕೈಯಿಂದ ನೂಕಿ ನೋಡಿದ. ಬೀಳಲಿಲ್ಲ.

"ಮಾಲು ಯಾರು ಕಲಸಿದ್ರು?"

"ಕಲಿಸಿದ್ದು ನೀನು, ತಮ್ಮಾ. ಕಲಸಿದ್ದು ನಾವು," ಎಂದಳು ಶೇವಂತಾ.

 ಅವನು ಗೋಡೆಯನ್ನು ಇನ್ನೊಮ್ಮೆ ನೂಕಿ ನೋಡಿದ. ಅಕ್ಕ ನೀರು ಕಾಯಿಸಿ, ಬಿಸಿಲಲ್ಲಿ ಬಂದಿದ್ದೀಯ, ಜಳಕ ಮಾಡು ಎಂದು ಒಳಗೆ ಕಳಿಸಿದಳು. ಜಳಕಕ್ಕಿಂತ ಗೋಡೆಯ ತಪಾಸಣೆಯೇ ಹೆಚ್ಚು ಹೊತ್ತು ನಡೆಯಿತು. ಕೊನೆಗೆ ತಲೆ ಒರೆಸಿಕೊಳ್ಳುತ್ತಾ, ಮುಖ ಅರಳಿಸಿಕೊಂಡು ಹೊರಬಂದ.

"ಮೂಲ್ಯಾಗ ಒಂದು ಬಟ್ಟು ಓರೆ ಬಂದದ."

ಇಮಾಮಬಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ಇರಲಿ ಬಿಡ್ರೀ ಭಾಯ್. ನೀವು ಒಳಗಿದ್ದಾಗ ನಮಗೇನೂ ಕಾಣಲಿಲ್ಲ."