ರಾಯಬಂದರದ ಸೇತುವೆ ಮತ್ತು ಸೋಮಲಿಂಗಪ್ಪನ ಆಣೆ

"ಸೇತುವಿ ಎಲ್ಲೈತೋ ಸೋಮಲಿಂಗಾ? ಆಗಿನಿಂದ ಬರೇ ರಸ್ತಾದ ಮ್ಯಾಲೆ ನಡಸಾಕತ್ತಿ," ಎಂದರು ಅಡಿವೆಯ್ಯನವರು.

"ಸೇತುವಿ ಮ್ಯಾಲೇ ನಿಂತೀರ್ರಿ ಅಯ್ಯಾರ."

ಅಯ್ಯನವರು ಗಕ್ಕನೆ ನಿಂತು ಕಾಲ ಕೆಳಗೆ ನೋಡಿಕೊಂಡರು. ಪಣಜಿ ಕಡೆಯಿಂದ ಬಂದ ಬಸ್ಸು ಹಾರ್ನ್ ಹೊಡೆಯಿತು. ಸೋಮಲಿಂಗಪ್ಪ ಅವರ ಶಲ್ಯ ಹಿಡಿದು ಬದಿಗೆ ಎಳೆದ.

"ಇದೆಂಥಾ ಸೇತುವಿ! ಏರಿಲ್ಲ, ಇಳಿವಿಲ್ಲ. ಊರಾಗ ಕೇಳ್ತಾರ, ಗೋವಾದಾಗ ಏನ್ ನೋಡಿ ಬಂದ್ರಿ ಅಂತ. ಏನಂತ ಹೇಳ್ಲಿ?"

"ಮುನ್ನೂರೈವತ್ತು ವರ್ಷದ್ದು ಅಂತ ಹೇಳ್ರಿ. ಪರಂಗಿಯವ್ರು ಕಟ್ಟಿದ್ದು. ಕಮಾನು ಕೆಳಗ ಅದಾವ, ಬಗ್ಗಿ ನೋಡ್ಬೇಕು."

"ನಾ ಬಗ್ಗಿದ್ರ ಎಬ್ಬಸಾಕ ಇಬ್ಬರು ಬೇಕು," ಎಂದು ಅಯ್ಯನವರು ನಕ್ಕರು.

ಹಿಂದೆ ಬರುತ್ತಿದ್ದ ದಾನವ್ವ ನಗಲಿಲ್ಲ. ಸೇತುವೆ ನೋಡಲು ಅಣ್ಣಿಗೇರಿಯಿಂದ ಬಂದವಳಲ್ಲ ಅವಳು. ಗಂಡನನ್ನು ಕರೆದೊಯ್ಯಲು ಬಂದಿದ್ದಳು. ಒಬ್ಬಳೇ ಬಂದರೆ ಮಾತಿಗೆ ಮಾತು ಬೆಳೆದು ಜಗಳವಾಗಿ ಕೆಲಸ ಕೆಡುತ್ತದೆಂದು ಊರ ಅಯ್ಯನವರನ್ನೇ ಜೊತೆಗೆ ಹೊರಡಿಸಿಕೊಂಡು ಬಂದಿದ್ದಳು.

ಸೇತುವೆಯ ಒಂದು ಕಡೆ ಮಾಂಡೋವಿ ಹೊಳೆ. ಅದಿರು ತುಂಬಿದ ದೋಣಿಗಳು ಹೊಟ್ಟೆ ನೀರಿಗೆ ತಾಗುವ ಹಾಗೆ ಸಾಗುತ್ತಿದ್ದವು. ಇನ್ನೊಂದು ಕಡೆ ಕೆಸರು, ಉಪ್ಪಿನ ಆಗರ, ಆಮೇಲೆ ಮಣ್ಣಿನ ಒಡ್ಡು ಕಟ್ಟಿದ ಗದ್ದೆಗಳು. ಆ ಒಡ್ಡಿನ ಬಾಯಿಗೆ ಒಂದು ತೂಬು. ಭರತಿ ಬಂದಾಗ ಹಲಗೆ ಇಳಿಸಿ ಉಪ್ಪುನೀರು ತಡೆಯಬೇಕು, ಇಳಿತವಾದಾಗ ಎತ್ತಿ ಮಳೆನೀರು ಬಿಡಬೇಕು. ಸಮುದ್ರಕ್ಕೆ ರವಿವಾರವಿಲ್ಲ, ಹಬ್ಬವಿಲ್ಲ. ತೂಬು ಕಾಯುವವನಿಗೂ ಇಲ್ಲ. ಸೋಮಲಿಂಗಪ್ಪ ಆ ತೂಬು ಕಾಯುವವ. ಮಾರ್ಕೆಟ್ಟಿಗೆ ಹೋದರೂ ಭರತಿ ಬರುವುದರೊಳಗೆ ಓಡಿ ಬರಬೇಕು. ಊರು ಕಂಡು ಎಷ್ಟೋ ವರ್ಷವಾಗಿತ್ತು.

ಆದರೆ ಅವನನ್ನು ಹಿಡಿದಿಟ್ಟದ್ದು ತೂಬಲ್ಲ. ಅವನ ಬಾಯಿ.

ಎಂಬತ್ತಾರರ ಮಳೆಗಾಲ. ಮಾಂಡೋವಿಯ ಹೊಸ ದೊಡ್ಡ ಸೇತುವೆ ಕುಸಿದು ಬಿದ್ದ ವರ್ಷ. ಆಗ ಇವರೆಲ್ಲ ಪಕ್ಕದ ಚಿಂಬಲ್‌ನಲ್ಲಿದ್ದರು, ಕಟ್ಟಡದ ಕೂಲಿ. ಅಪ್ಪ ನಾನಪ್ಪ ಜ್ವರ ಬಂದು ತೀರಿಕೊಂಡ. ಊರಿಗೆ ಒಯ್ಯೋಣವೆಂದರೆ ಮೊಲೆಂ ದಾಟಿದ ಮೇಲೆ ಘಟ್ಟದ ದಾರಿ ಕಡಿದಿತ್ತು, ಯಾವ ಲಾರಿಯವನೂ ಒಪ್ಪಲಿಲ್ಲ. ಪಣಜಿಯಲ್ಲಿ ಸುಡೋಣ ಎಂದರು ಓಣಿಯವರು. ಲಿಂಗ ಕಟ್ಟಿದವನನ್ನು ಸುಡುವುದೇ? ಕೂಡಿಸಿ ಮಣ್ಣು ಕೊಡಬೇಕು. ಮಣ್ಣು ಕೊಡಲು ನೆಲ ಬೇಕು. ಪರವೂರಲ್ಲಿ ನೆಲ ಯಾರು ಕೊಡುತ್ತಾರೆ?

ಕೊಟ್ಟವನು ಈ ಗದ್ದೆಗಳ ಒಡೆಯ ಕಾಯ್ತಾನ್ ಬಾಬ. ಸೋಮಲಿಂಗಪ್ಪ ಎರಡು ಸಲ ಅವನ ಒಡ್ಡು ದುರಸ್ತಿ ಮಾಡಿದ್ದ, ಅಷ್ಟೇ ಪರಿಚಯ. ಮುದುಕ ಕೊಡೆ ಹಿಡಿದು ಬಂದು, ಗದ್ದೆಯ ಮೂಲೆಯ ದಿಬ್ಬ ತೋರಿಸಿ, "ಹಾಂಗಾ ದವರ್," ಇಲ್ಲಿಡು ಎಂದ. ಅಷ್ಟು ಹೊತ್ತೂ ಓಣಿಯ ಕೇಶಪ್ಪ ಅನ್ನುವವನೊಬ್ಬ, ಇಲ್ಲಿ ಹೂತರೆ ನಾಳೆ ದೀಪ ಹಚ್ಚುವವರಾರು, ಎಲ್ಲಾ ಬಿಟ್ಟು ಓಡಿ ಹೋಗುವವರೇ ಎಂದು ಗೊಣಗುತ್ತಲೇ ಇದ್ದ. ಸೋಮಲಿಂಗಪ್ಪನ ತಲೆ ಕೆಟ್ಟಿತು. ಕುಣಿಯ ಅಂಚಿಗೆ ನಿಂತು, ವಿಭೂತಿ ಗಟ್ಟಿ ಎತ್ತಿ ಹಿಡಿದು ಕಿರುಚಿದ: "ನಮ್ಮಪ್ಪ ಇಲ್ಲೇ ಕುಂಡ್ರತಾನ, ನಾನೂ ಇಲ್ಲೇ ಕುಂಡ್ರತೀನಿ! ಈ ನೆಲ ಬಿಟ್ಟು ಹ್ವಾದ್ರ ನಾ ನಾನಪ್ಪನ ಮಗ ಅಲ್ಲ!"

ಕೇಶಪ್ಪನ ಬಾಯಿ ಮುಚ್ಚಿತು. ಮರುವರ್ಷ ಅವನು ಗಂಟುಮೂಟೆ ಕಟ್ಟಿ ಊರು ಸೇರಿದ. ಆಣೆ ಮಾತ್ರ ಸೋಮಲಿಂಗಪ್ಪನ ಕೊರಳಿಗೆ ಉಳಿಯಿತು. ತೂಬಿನ ಕೆಲಸ ಹಿಡಿದ, ಒಡ್ಡಿನ ಮೇಲೆ ಗುಡಿಸಲು ಹಾಕಿದ. ಸೊಳ್ಳೆ ಕಚ್ಚಿ ಮಗಳಿಗೆ ಚಳಿಜ್ವರ ಬಿಟ್ಟು ಬಿಟ್ಟು ಬರತೊಡಗಿದಾಗ ದಾನವ್ವ ಕೂಸನ್ನೆತ್ತಿಕೊಂಡು ಅಣ್ಣಿಗೇರಿಗೆ, ಅಣ್ಣ ಕಂಠೆಪ್ಪನ ಮನೆಗೆ ನಡೆದಳು. ಅಲ್ಲಿ ರೊಟ್ಟಿ ಬಡಿದು ಖಾನಾವಳಿಗೆ ಕೊಟ್ಟು ಬದುಕಿದಳು. ಈಗ ಕಂಠೆಪ್ಪ ಸೋಮಲಿಂಗಪ್ಪನಿಗೆ ಹತ್ತಿ ಜಿನ್ನಿನಲ್ಲಿ ಕೆಲಸ ನೋಡಿಟ್ಟಿದ್ದ.

ಒಡ್ಡಿನ ಮೇಲೆ ಸಾಲಾಗಿ ನಡೆದು ಮೂವರೂ ದಿಬ್ಬಕ್ಕೆ ಬಂದರು. ಮಣ್ಣಿನ ಗದ್ದಿಗೆ, ಮೇಲೆ ಸುಣ್ಣ, ಸುತ್ತ ಹುಲ್ಲು ಕಿತ್ತ ನೆಲ. ಅಯ್ಯನವರು ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಪತ್ರಿ ಏರಿಸಿದರು. ಆಮೇಲೆ ಅಲ್ಲೇ ಚಕ್ಕಂಬಕ್ಕಳ ಹಾಕಿ ಕೂತರು.

"ಆವತ್ತು ಏನಂತ ಆಣಿ ಹಾಕಿದಿ, ಹೇಳು."

ಸೋಮಲಿಂಗಪ್ಪ ತಲೆ ತಗ್ಗಿಸಿ ಹೇಳಿದ.

"ನಾ ಅಯ್ಯ ಹೌದಿಲ್ಲೋ? ಬಿಡಿಸೀನಿ. ಹೋತು."

"ಇಷ್ಟ ಏನ್ರಿ?"

"ಮತ್ತೇನು, ಚಾವಿ ಹಾಕಿ ತಗೀಬೇಕೇನು? ಲೇ, ನಾನಪ್ಪ ಲಿಂಗದಾಗ ಬೆರೆತಾನ. ಇಲ್ಲಿರೋದು ಮಣ್ಣು. ಅಂವ ನಿನ್ನ ಹಾದಿ ಕಾಯಾಕತ್ತಿಲ್ಲ, ಆಕಿ ಕಾಯಾಕತ್ತಾಳ."

ಸೋಮಲಿಂಗಪ್ಪ ಎದ್ದು ನಿಂತ. ಕಾಲು ಹಗುರಾಗಿದ್ದವು. ಎತ್ತ ಬೇಕಾದರೂ ನಡೆಯಬಹುದು ಅನ್ನಿಸಿತು. ದಾನವ್ವ ಆಗಲೇ ಗುಡಿಸಲಿಗೆ ನುಗ್ಗಿ ಪಾತ್ರೆ ಕಟ್ಟತೊಡಗಿದ್ದಳು. "ಈ ತಾಟು ಬಿಡ್ಲ್ಯಾ, ತರ್ಲ್ಯಾ?" ಎಂದು ಒಳಗಿನಿಂದಲೇ ಕೂಗಿದಳು. "ತಾ, ತಾ, ಎಲ್ಲಾ ತಾ!" ಎಂದು ನಕ್ಕ. ಹಾಗೆ ಕೂಗಿ ಮಾತಾಡಿ, ಹಾಗೆ ನಕ್ಕು ಎಷ್ಟು ದಿನವಾಗಿತ್ತೋ, ಅವನಿಗೇ ನೆನಪಿರಲಿಲ್ಲ.

ಅಷ್ಟರಲ್ಲಿ ಕಾಯ್ತಾನ್ ಬಾಬ ಕೋಲೂರಿಕೊಂಡು ಒಡ್ಡಿನ ಮೇಲೆ ಬಂದ. ಆ ಮುದುಕ ಎಂದೂ ದನಿ ಎತ್ತಿದವನಲ್ಲ. ಸೋಮಲಿಂಗಪ್ಪನಿಗೆ ಅದೇ ಕಷ್ಟ. ಬೈಯುವವನಾದರೆ ತಿರುಗಿ ಬೈದು ಎಂದೋ ಹೋಗಿಬಿಡಬಹುದಿತ್ತು.

"ಬಾಬ, ನಾ ಊರಿಗೆ ಹೊಂಟೀನಿ. ಪೂರಾ."

"ಬರೇಂ," ಒಳ್ಳೆಯದಾಯಿತು ಎಂದ ಮುದುಕ. ಕೂಲಿಯವರಿಂದ ಕಲಿತ ಕನ್ನಡದಲ್ಲಿ ಮುಂದುವರಿಸಿದ: "ಹೋಗು ಸೋಮ್ಯಾ. ತುಂಬ ಮಾಡ್ದೆ ನೀನು. ನಾನೂ ಗದ್ದೆ ಬಿಡ್ತದೆ. ಸಿಗಡಿ ಸಾಕೋರು ಬಂದಿದ್ರು. ಈ ಅಮಾಸೆ ಭರತಿಗೆ ಹಲಗೆ ತೆಗೀತಾರೆ. ಎಲ್ಲಾ ಉಪ್ಪುನೀರು."

ಸೋಮಲಿಂಗಪ್ಪ ದಿಬ್ಬದ ಕಡೆ ನೋಡಿದ. ಮೊಣಕಾಲೆತ್ತರದ ದಿಬ್ಬ. "ಅಪ್ಪನ ಗದ್ದಿಗಿ?"

ಮುದುಕನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ನೀನು ಹೋಗ್ತದೆ ಅಲ್ಲ? ನಿಂಗೇ ಬೇಡ ಅಂದ್ರೆ ಇನ್ಯಾರಿಗೆ ಬೇಕು?"

ಕುಹಕವಿರಲಿಲ್ಲ ಆ ಮಾತಿನಲ್ಲಿ. ಇದ್ದದ್ದನ್ನು ಕೇಳಿದ್ದ. ಆದರೆ ಸೋಮಲಿಂಗಪ್ಪನ ಕಿವಿ ಬಿಸಿಯಾದವು, ಕುತ್ತಿಗೆಯ ನರ ಎದ್ದವು.

"ಸೋಮಲಿಂಗಾ, ಬಾಯಿ ಮುಚ್ಚು!" ಎಂದರು ಅಯ್ಯನವರು.

ಹೊತ್ತು ಮೀರಿತ್ತು. "ನನಗ ಬ್ಯಾಡಾ? ಯಾರಂದ್ರು ಬ್ಯಾಡಂತ? ಯಾಂವ ನೀರ್ ಬಿಡ್ತಾನ ಬಿಡ್ಲಿ ನೋಡೋಣು!" ಗದ್ದಿಗೆಯ ಮೇಲೆ ಅಂಗೈ ಬಡಿದ. ಹಸಿ ವಿಭೂತಿ ಕೈಗೆ ಮೆತ್ತಿತು. "ನಾ ಇಲ್ಲೇ ಕುಂತಿರ್ತೀನಿ! ಇಲ್ಲಿಂದ ಕಾಲ ಕಿತ್ತಿದ್ರ ಹೆತ್ತಪ್ಪನ ಮ್ಯಾಲೆ ಆಣಿ!"

ಉಪ್ಪಿನ ಆಗರದ ಬೆಳ್ಳಕ್ಕಿಗಳು ಹಾರಿ, ಆಚೆ ಹೋಗಿ ಕೂತವು.

ಕಾಯ್ತಾನ್ ಬಾಬನ ಮುಖ ಅರಳಿತು. "ಹಾಗಾದ್ರೆ ಸುಲಭ! ಸಿಗಡಿ ಕಾಯೋಕೆ ಮನುಷ್ಯ ಬೇಕು ಅಂತಿದ್ರು. ಹಗಲು ರಾತ್ರಿ ಇಲ್ಲೇ ಇರಬೇಕು. ನೀನೇ ಇರು. ನಿನ್ನ ಅಪ್ಪನ ಸುತ್ತ ನಾನು ಒಡ್ಡು ಹಾಕಿಸ್ತದೆ. ಒಂದು ಹನಿ ಒಳಗೆ ಬರೋದಿಲ್ಲ." ಸೋಮಲಿಂಗಪ್ಪನ ಹೆಗಲು ತಟ್ಟಿ, ಕೋಲೂರಿಕೊಂಡು ಹೊರಟುಹೋದ. ಬೈಯಲು ಅಲ್ಲಿ ಯಾರೂ ಉಳಿಯಲಿಲ್ಲ.

ದಾನವ್ವ ಗುಡಿಸಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ಒಳಗೆ ಹೋಗಿ ಗಂಟು ಬಿಚ್ಚಿದಳು. ಅವನ ತಾಟು, ಅವನ ಅಂಗಿ, ಅವನ ಕಂಬಳಿ ತೆಗೆದಿಟ್ಟಳು. ಗಂಟು ಸಣ್ಣದಾಯಿತು.

ಅಯ್ಯನವರು ಗಂಟಲು ಸರಿಮಾಡಿಕೊಂಡರು. "ಇದನ್ನೂ ಬಿಡಿಸ್ಲೇನವ್ವಾ?"

"ಬ್ಯಾಡ್ರಿ ಅಯ್ಯಾರ. ನೀವು ಬಿಡಿಸ್ಕೋತ ಹೋಗ್ತೀರಿ, ಇವರು ಕಟ್ಕೋತ ಹೋಗ್ತಾರ. ನಡೀರಿ, ಬಸ್ಸಿಗೆ ಹೊತ್ತಾತು."

ಸೋಮಲಿಂಗಪ್ಪ ಅವರ ಹಿಂದೆ ಸೇತುವೆಯವರೆಗೆ ಹೋದ. ಹೇಳಬೇಕಾದದ್ದು ಬಹಳವಿತ್ತು. ಬಾಯಿ ತೆರೆಯಲು ಹೆದರಿಕೆಯಾಯಿತು. ಬಸ್ಸು ನಿಂತಾಗ ದಾನವ್ವ ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದಳು.

"ಸಂಜಿ ಮುಂದ ಬೇವಿನ ಸೊಪ್ಪಿನ ಹೊಗಿ ಹಾಕ್ರಿ. ಸೊಳ್ಳಿ ಭಾಳ ಅದಾವ."

ಅವನು ತಲೆಯಾಡಿಸಿದ. ಬಸ್ಸು ಪಣಜಿ ಕಡೆಗೆ ಹೊರಟಿತು. ಅಷ್ಟುದ್ದದ ನೇರ ಸೇತುವೆ, ಬಹಳ ಹೊತ್ತು ಕಾಣುತ್ತಲೇ ಇತ್ತು. ಕೊನೆಗೆ ಅವನು ಬಗ್ಗಿ ಕಮಾನಿನ ಕೆಳಗೆ ನೋಡಿದ. ನೀರು ಒಳಮುಖವಾಗಿ ತಿರುಗಿತ್ತು, ಭರತಿ ಶುರುವಾಗಿತ್ತು. ಹಲಗೆ ಇಳಿಸಲು ಒಡ್ಡಿನ ಮೇಲೆ ಓಡಿದ.