ಶಿವಲಕ್ಷ್ಮಿಯ ಬೋರಲು ತಟ್ಟೆ

ಹರಿಯುವ ನೀರಿನ ಸದ್ದು ಮನೆಯೊಳಗಿದ್ದರೆ ಮನಸ್ಸಿಗೆ ಶಾಂತಿ ಸಿಗುತ್ತದಂತೆ. ಆದಿನಾರಾಯಣ ತನ್ನ ಹೊಸ ಮನೆಯ ಹಾಲಿನಲ್ಲಿ ನಿಂತು ಹಾಗೆ ಹೇಳಿದಾಗ ನಮ್ಮ ಓಣಿಯವರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಗೃಹಪ್ರವೇಶದ ಪಾಯಸ ಬಾಯಲ್ಲಿತ್ತಲ್ಲ, ಇನ್ನೇನು ಹೇಳಿಯಾರು! ಈಗ ಅದನ್ನು ನೆನೆದರೆ ನನ್ನ ಮೈಯೆಲ್ಲ ಉರಿಯುತ್ತದೆ. ಶಾಂತಿಯಂತೆ ಶಾಂತಿ.

ರಾಯದುರ್ಗದ ನಮ್ಮ ಓಣಿಯಲ್ಲಿ ಮನೆಮನೆಗೂ ಜೀನ್ಸ್ ಹೊಲಿಗೆ. ಬೆಳಿಗ್ಗೆ ಮೋಟಾರು ಮಿಷನ್ನುಗಳು ಶುರುವಾದವೆಂದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ನಳದ ನೀರಿಗೋ ದಿನವೂ ಗೊತ್ತಿಲ್ಲ, ಹೊತ್ತೂ ಗೊತ್ತಿಲ್ಲ. ಬಂದದ್ದು ನಮಗೆ ತಿಳಿಯುವುದರೊಳಗೆ ನಿಂತೇ ಹೋಗಿರುತ್ತದೆ. ಹಾಗಾಗಿ ಈ ಓಣಿಗೆ ಒಂದು ಕಿವಿ ಬೇಕಿತ್ತು. ಆ ಕಿವಿಯೇ ನಮ್ಮ ಶಿವಲಕ್ಷ್ಮಿ.

ಅವಳ ಮನೆ ಓಣಿಯ ತಗ್ಗಿನಲ್ಲಿದೆ, ನೀರು ಮೊದಲು ಇಳಿಯುವುದು ಅವಳ ನಳಕ್ಕೆ. ನಳವನ್ನು ಸದಾ ತಿರುವಿ ಬಿಟ್ಟು, ಕೆಳಗೆ ಒಂದು ಸ್ಟೀಲ್ ತಟ್ಟೆಯನ್ನು ಬೋರಲು ಹಾಕಿಡುತ್ತಾಳೆ. ಮೊದಲು ನಳ ಬುಸ್ಸೆಂದು ಗಾಳಿ ಬಿಡುತ್ತದೆ, ಆಮೇಲೆ ತಟ್ಟೆಯ ಮೇಲೆ ಟಣ್ ಎಂದು ಹನಿ ಬೀಳುತ್ತದೆ. ಅಷ್ಟಕ್ಕೇ ಅವಳು ತಟ್ಟೆ ಎತ್ತಿಕೊಂಡು, ಸೌಟಿನಿಂದ ಬಡಿಯುತ್ತಾ, ಮನೆಮನೆಯ ಬಾಗಿಲಿಗೂ ಓಡುತ್ತಾಳೆ. "ನೀರು ಬಂದ್ವು! ಮಿಷನ್ ಬಂದ್ ಮಾಡ್ರಿ, ನೀರು ಬಂದ್ವು!"

ಅವಳೂ ಮೊದಲು ಒಳ್ಳೆಯ ಹೊಲಿಗೆಯವಳೇ. ಗಂಡ ತೀರಿಕೊಂಡ ಮೇಲೆ ಓಣಿಯವರೇ ಕೂಡಿ ಮಾತಾಡಿ ಅವಳನ್ನು ಮಿಷನ್ನಿನಿಂದ ಎಬ್ಬಿಸಿ, ಹೊಲಿದ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸಲು ಕೂರಿಸಿದರು. ಕತ್ತರಿಗೆ ಸದ್ದಿಲ್ಲವಲ್ಲ, ಕಿವಿ ನಳದ ಕಡೆಗೇ ಇರುತ್ತದೆ. ಎಲ್ಲ ಮನೆಯ ದಾರದ ಕೆಲಸವೂ ಅವಳಿಗೇ ಎಂದು ಮಾತಾಯಿತು. ಅವಳ ಒಲೆ ಉರಿಯುವುದು ಆ ಕತ್ತರಿಯಿಂದ, ಕತ್ತರಿ ಕೈಯಲ್ಲಿರುವುದು ಆ ತಟ್ಟೆಯಿಂದ. ಮಡಕಶಿರಾದಲ್ಲಿರುವ ಮಗಳ ಮನೆಗೆ ಹೋದರೂ ನಿಲ್ಲುವವಳಲ್ಲ. "ಅಲ್ಲಿ ನಳ ಯಾರು ಕೇಳ್ತಾರ?" ಎಂದು ಮರುದಿನವೇ ಬಸ್ಸು ಹತ್ತುತ್ತಾಳೆ.

ಆದಿನಾರಾಯಣ ಜೀನ್ಸ್ ಯೂನಿಟ್ಟಿನ ಮಾಲೀಕ, ನಮಗೆಲ್ಲ ಕೆಲಸ ಕೊಡುವವನು. ಅವನಿಗೆ ಸ್ವಂತ ಬೋರ್‌ವೆಲ್ ಇದೆ, ನಳದ ಹಂಗಿಲ್ಲ. ಹಾಲಿನ ಗೋಡೆಗೆ ಕರಿಕಲ್ಲು ಹೊದಿಸಿ, ಅದರ ಮೇಲಿಂದ ನೀರು ಜಾರಿ ಕೆಳಗಿನ ತೊಟ್ಟಿಗೆ ಬೀಳುವಂತೆ ಮಾಡಿಸಿದ್ದಾನೆ. ಬಿದ್ದ ನೀರನ್ನೇ ಪಂಪು ಮತ್ತೆ ಮೇಲಕ್ಕೆ ಒಯ್ಯುತ್ತದೆ. ಆ ಗೋಡೆಯ ಆಚೆ ಬದಿಯೇ ಶಿವಲಕ್ಷ್ಮಿಯ ಮನೆ.

ಗೃಹಪ್ರವೇಶದ ಮರುದಿನವೇ ತಟ್ಟೆ ಬಡಿಯಿತು. ಮಿಷನ್ನು ನಿಲ್ಲಿಸಿ, ಕೊಡ ಹಿಡಿದು ಓಡಿದೆವು. ನಳ ಒಣಗಿತ್ತು, ಅವಳು ಕೇಳಿದ್ದು ಗೋಡೆಯಾಚೆಯ ನೀರಿನ ಸದ್ದು. ಮಧ್ಯಾಹ್ನ ಮತ್ತೆ ಬಡಿಯಿತು, ಮತ್ತೆ ಓಡಿದೆವು. ಓಣಿಯವರು ಮೊದಲು ನಕ್ಕರು, ಆಮೇಲೆ ಬಾಯಿಗೆ ಬಂದಂತೆ ಬೈದರು. ಶಿವಲಕ್ಷ್ಮಿ ಊಟಕ್ಕೆ ಕೂತವಳು ಎದ್ದು ನಳದ ಹತ್ತಿರ ಹೋಗುತ್ತಿದ್ದಳು, ಬಂದು ಕೂತು ಮತ್ತೆ ಏಳುತ್ತಿದ್ದಳು. ಕಣ್ಣು ಗುಳಿಬಿದ್ದವು. ಗೋಡೆಯೊಳಗೆ ಇಡೀ ದಿನ ನೀರು ಸುರಿಯುತ್ತಿತ್ತು, ಅವಳ ಕೊಡ ಖಾಲಿಯಿತ್ತು. ನೋಡಿ ನೋಡಿ ನನಗೇ ತಲೆ ಕೆಟ್ಟುಹೋಯಿತು.

"ಬಾ, ಹೋಗಿ ಹೇಳಾಣ," ಎಂದು ನಾನೇ ಅವಳನ್ನು ಎಬ್ಬಿಸಿಕೊಂಡು ಹೋದೆ.

"ಹಗಲೊತ್ತಾದ್ರೂ ಬಂದ್ ಮಾಡಪ್ಪ, ನನಗ ನಳ ಕೇಳವಲ್ದು," ಎಂದಳು ಶಿವಲಕ್ಷ್ಮಿ.

ಆದಿನಾರಾಯಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನೂ ಎರಡು ಅನ್ನುತ್ತಿದ್ದೆ. ನಗುತ್ತಾ ಸೋಫಾ ತೋರಿಸಿದ. "ಕುಂದ್ರಕ್ಕಾ, ಕಣ್ಮುಚ್ಚಿ ಚೂರು ಕೇಳು. ನನಗೂ ಬಿಪಿ ಐತಿ, ಅದಕ್ಕ ಇದನ್ನ ಹಾಕ್ಸೀನಿ. ನಿನ್ನ ಟೆನ್ಷನ್ನೂ ಹೋಗ್ತೈತಿ."

"ನೀರು ಬೀಳೋ ಸದ್ದು ಕೇಳ್ತಾ ಕೈಕಟ್ಟಿ ಕುಂದ್ರಾಕ ನನಗ ಬರಂಗಿಲ್ಲಪ್ಪ," ಎಂದಳು. ಅವಳ ಕೈ ಪಕ್ಕದಲ್ಲಿ ಇಲ್ಲದ ಕೊಡವನ್ನು ಹುಡುಕುತ್ತಿತ್ತು.

"ಅಭ್ಯಾಸ ಆಗ್ತೈತಿ ಬಿಡಕ್ಕಾ," ಎಂದು ಅವನು ಫೋನು ಕಿವಿಗಿಟ್ಟುಕೊಂಡ.

ಅಭ್ಯಾಸ ಆಯಿತು, ಅದೇ ಅನಾಹುತ. ಸದ್ದು ಕೇಳಿದರೂ ಏಳಬಾರದೆಂದು ಅವಳು ಹಲ್ಲು ಕಚ್ಚಿ ಕೂರುವುದನ್ನು ಕಲಿತಳು. ಹಾಗೆ ಕೂತಿದ್ದ ಒಂದು ದಿನ ನಿಜವಾಗಿ ನೀರು ಬಂತು. ಬೋರಲು ತಟ್ಟೆಯ ಮೇಲೆ ಧೋ ಎಂದು ಸುರಿದು ಚರಂಡಿಗೆ ಹೋಯಿತು. ಅವಳು ತಲೆ ತಗ್ಗಿಸಿಕೊಂಡು ದಾರ ಕತ್ತರಿಸುತ್ತಲೇ ಇದ್ದಳು. ಯಾರೋ ಚರಂಡಿ ಹರಿಯುವುದನ್ನು ನೋಡಿ ಕೂಗಿಕೊಳ್ಳುವಷ್ಟರಲ್ಲಿ ನಳ ನಿಂತಿತ್ತು.

ಓಣಿಯೆಲ್ಲ ಅವಳ ಬಾಗಿಲಿಗೆ ಬಂತು. ಮೂಲೆಮನೆಯ ಟೈಲರ್ ಹನುಮೇಶ್ ಎಲ್ಲರ ಮುಂದೆಯೇ ಅಂದುಬಿಟ್ಟ: "ಕೇಳದ ಕಿವಿಗೆ ತಟ್ಟೆ ಯಾಕ? ಬ್ಯಾರೇರಿಗೆ ಕೊಡ್ರಿ. ದಾರದ ಕೆಲಸಾನೂ ಅವರಿಗೇ ಕೊಡ್ರಿ."

"ಗೋಡೆ ಆಚೆ ಇರೋನಿಗೆ ಅನ್ನಾಕ ಬಾಯಿ ಬರಲ್ಲೇನೋ ನಿನಗ?" ಎಂದು ನಾನು ರೇಗಿದೆ. ಕೆಲಸ ಕೊಡುವವನನ್ನು ಯಾರು ಎದುರು ಹಾಕಿಕೊಳ್ಳುತ್ತಾರೆ? ಒಬ್ಬಂಟಿ ಹೆಂಗಸಿನ ಮೇಲೆ ಹಾರಾಡುವುದು ಸುಲಭ. ಶಿವಲಕ್ಷ್ಮಿ ತಟ್ಟೆ ಒರೆಸಿ ಒಳಗೆ ಒಯ್ದಳು.

ಮರುದಿನ ಬೆಳಿಗ್ಗೆ ತಟ್ಟೆ ಬಡಿಯಿತು. ಅಂಥ ಬಡಿತವನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಮನೆಯಲ್ಲಿ ಹನಿ ನೀರಿಲ್ಲದ ಓಣಿ, ಯಾರು ಕಾಯುತ್ತಾ ಕೂರುತ್ತಾರೆ? ಹನುಮೇಶನೂ ಎರಡು ಕೊಡ ಹಿಡಿದು ಓಡಿಬಂದ. ಎಲ್ಲರೂ ಅವಳ ನಳದ ಕಡೆ ತಿರುಗಿದರೆ ಅವಳು, "ಅಲ್ಲಲ್ಲ, ಈ ಕಡೆ ಬಂದಾವ, ಈ ಕಡೆ ಬರ್ರಿ," ಎಂದು ಆದಿನಾರಾಯಣನ ಬಾಗಿಲು ತಳ್ಳಿಕೊಂಡು ಒಳಗೆ ನಡೆದಳು. ನಾನು ಅವಳ ಬೆನ್ನಿಗೇ ಇದ್ದೆ. ನಮ್ಮ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ನುಗ್ಗಿದರು.

ಅವಳು ತನ್ನ ಕೊಡವನ್ನು ಕರಿಕಲ್ಲಿಗೆ ಒತ್ತಿ ಹಿಡಿದಳು.

"ಏಮಕ್ಕಾ ಇದಿ? ಏನು ಮಾಡಾಕತ್ತೀರಿ?" ಆದಿನಾರಾಯಣ ತೆಲುಗು ಬೆರೆಸಿ ಕೂಗುತ್ತಾ, ಕಾಫಿ ಲೋಟ ಹಿಡಿದೇ ಓಡಿಬಂದ.

"ನೀರು ಬಂದಾವಲ್ಲಪ್ಪ. ಸದ್ದು ಕೇಳ್ತು, ತುಂಬಿಸ್ಕೊಳ್ಳಾಕ ಬಂದೀವಿ."

"ಅದು ಕುಡ್ಯೋ ನೀರಲ್ಲ, ಔಷಧಿ ಹಾಕೀನಿ!"

"ಅರಿವಿ ಒಗೀತೀವಿ ಬಿಡು."

ಅವಳದ್ದು ತುಂಬಿತು, ನನ್ನದೂ ತುಂಬಿತು. ಇನ್ನೊಂದೆರಡು ಕೊಡ ತುಂಬುವಷ್ಟರಲ್ಲಿ ತೊಟ್ಟಿಯ ತಳ ಕಂಡಿತು. ಪಂಪು ಗರಗರ ಗಾಳಿ ಜಗ್ಗಿ, ಸುಟ್ಟ ವಾಸನೆ ಬಿಟ್ಟು ನಿಂತುಹೋಯಿತು. ಹನುಮೇಶ್ ತನ್ನ ಖಾಲಿ ಕೊಡಗಳನ್ನು ನೋಡಿದ, ತೊಟ್ಟಿಯನ್ನು ನೋಡಿದ. "ಇಷ್ಟಾ? ಇಷ್ಟು ನೀರಿಗಾ ಹಗಲೆಲ್ಲ ಆ ಸದ್ದು?" ಎಂದ. ಆದಿನಾರಾಯಣನನ್ನೇ ಕೇಳಿದ, ಅದೂ ಮುಖ ನೋಡಿ.

ಆದಿನಾರಾಯಣ ಕಾಫಿ ಲೋಟ ಕೆಳಗಿಟ್ಟು ಸುತ್ತ ನೋಡಿದ. ಕೆಲಸದ ಹೊತ್ತಿನಲ್ಲಿ ಒಂದು ಮಿಷನ್ನೂ ಓಡುತ್ತಿರಲಿಲ್ಲ, ಹೊಲಿಯುವವರೆಲ್ಲ ಕೊಡ ಹಿಡಿದು ಅವನ ಹಾಲಿನಲ್ಲಿ ನಿಂತಿದ್ದರು. ಶಿವಲಕ್ಷ್ಮಿ ಆ ಬಿಳಿ ಸೋಫಾದ ಮೇಲೆ ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು.

"ಈಗ ನೋಡಪ್ಪ," ಎಂದಳು, "ಈಗ ಶಾಂತಿ ಆತು."

ಪಂಪು ರಿಪೇರಿ ಮಾಡಿಸಿದ್ದಾನೆ, ಮಾಡಿಸದೆ ಬಿಡುತ್ತಾನೆಯೇ. ಬಳ್ಳಾರಿಯಿಂದ ಬೀಗರು ಬಂದಿದ್ದಾಗ ಒಮ್ಮೆ ಹಾಕಿದ. ಗೋಡೆಯ ಈಚೆ ತಟ್ಟೆ ಬಡಿಯಿತು. ನಳ ಒಣಗಿದೆಯೋ ಇಲ್ಲವೋ ಎಂದು ನೋಡಲು ಯಾರೂ ಹೋಗಲಿಲ್ಲ, ನೆಟ್ಟಗೆ ಅವನ ಬಾಗಿಲಿಗೇ ಹೋದೆವು. ಹನುಮೇಶ್ ಎಲ್ಲರಿಗಿಂತ ಮುಂದಿದ್ದ. ಬೀಗರ ಎದುರೇ ಆದಿನಾರಾಯಣ ಎದ್ದು ಹೋಗಿ ಸ್ವಿಚ್ಚು ಆರಿಸಿದ.

ಶಿವಲಕ್ಷ್ಮಿ ಖಾಲಿ ಕೊಡ ಹೊತ್ತು ಮನೆಗೆ ಹೋಗಿ, ತಟ್ಟೆಯನ್ನು ನಳದ ಕೆಳಗೆ ಬೋರಲು ಹಾಕಿ ಕತ್ತರಿ ಹಿಡಿದಳು.